ಪ್ಯಾಕೇಜ್ ಹಾಕಲು ಯಾವುದು ವಾಸಿ: ಗ್ನೋಮ್ ಸಾಫ್ಟ್‌ವೇರ್, ಡಿಸ್ಕವರ್, ಸಿನ್ಯಾಪ್ಟಿಕ್

ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಿಂದ ಅಕ್ಷರ ತೆಗೆಯಲು ನನ್ನ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಲ್ಯಾಪ್‌ಟಾಪ್‌ಗೆ ಟೆಸರಾಕ್ಟ್ ಎಂಬ ಪ್ಯಾಕೇಜ್, ಅಂದರೆ ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಸಾಫ್ಟ್‌ವೇರ್, ಬೇಕಿತ್ತು. ಅದನ್ನೇ ನೆಪ ಮಾಡಿಕೊಂಡು ಪ್ಯಾಕೇಜ್ ಹಾಕುವ ಈ ಮೂರು ಆ್ಯಪ್‌ಗಳನ್ನೂ ಬಳಸಿ ನೋಡಿದೆ.

ಗ್ನೋಮ್ ಸಾಫ್ಟ್‌ವೇರ್ ನೋಡಲು ಚಂದ. ದೊಡ್ಡ ಐಕಾನ್, ಸ್ಕ್ರೀನ್‌ಶಾಟ್, ಒಂದೇ ಬಟನ್. ಗಿಂಪ್ ಥರದ ಆ್ಯಪ್ ಹಾಕಿಕೊಳ್ಳಲು ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಆದರೆ ಟೆಸರಾಕ್ಟ್ ಎಂದು ಹುಡುಕಿದರೆ ಅದು ಮಾತ್ರ ಸಿಗಲಿಲ್ಲ. ಇದು ಆ್ಯಪ್‌ಸ್ಟ್ರೀಮ್ ಮಾಹಿತಿ (ಸ್ಟೋರ್‌ಗೆಂದೇ ಬರೆದಿಟ್ಟ ಹೆಸರು, ವಿವರಣೆ, ಐಕಾನ್ ಇತ್ಯಾದಿ) ಇರುವುದನ್ನು ಮಾತ್ರ ತೋರಿಸುತ್ತದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಓಡುವ ಹೆಚ್ಚಿನವು, ಬೇರೆ ಆ್ಯಪ್‌ಗಳು ಬಳಸುವ ಲೈಬ್ರರಿಗಳು ಇಲ್ಲಿ ಕಾಣುವುದೇ ಇಲ್ಲ. ಹಾಗಂತ ಒಂದು ಸಾಲು ಬರೆದು ತಿಳಿಸಬಹುದಿತ್ತು, ಅಲ್ವಾ? ಹೊಸಬರು ಆ ಪ್ಯಾಕೇಜೇ ಇಲ್ಲ ಅಂದುಕೊಂಡು ಸುಮ್ನೆ ಎದ್ದು ಹೋಗುತ್ತಾರೆ.

ಕೆಡಿಇ ಎಂಬ ಇನ್ನೊಂದು ಲಿನಕ್ಸ್ ಡೆಸ್ಕ್‌ಟಾಪ್‌ನ ಡಿಸ್ಕವರ್ ಕಥೆಯೂ ಹೆಚ್ಚುಕಡಿಮೆ ಇದೇ. ಅಪ್‌ಡೇಟ್ ಪುಟ ಮಾತ್ರ ಚೆನ್ನಾಗಿದೆ: ಏನೇನು ಬರುತ್ತಿದೆ, ಎಷ್ಟು ಡೌನ್‌ಲೋಡ್ ಆಗುತ್ತದೆ ಎಂದು ತೋರಿಸುತ್ತದೆ.

ಸಿನ್ಯಾಪ್ಟಿಕ್‌ದು ಹಳೇ ಮುಖ. ಬರೀ ಸಾಲುಗಳು, ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಚೌಕ. ಇನ್‌ಸ್ಟಾಲ್ ಆಗಿದ್ದರೆ ಹಸಿರು. ಇಲ್ಲಿ ಟೆಸರಾಕ್ಟ್ ಎಂದು ಹುಡುಕಿದ ಕೂಡಲೇ ಕನ್ನಡ, ಹಿಂದಿ, ತೆಲುಗು ಎಲ್ಲದರ ಪ್ಯಾಕೇಜ್ ಸಾಲಾಗಿ ಬಂದವು. ಟೆಸರಾಕ್ಟ್ ಮೇಲೆ ಗುರುತು ಹಾಕಿದೆ. ತಕ್ಷಣ ಒಂದು ಕಿಟಕಿ ತೆರೆದು, ಇದರ ಜೊತೆ ಇಂಗ್ಲಿಷ್ ಡೇಟಾ ಮತ್ತು ಇಂತಿಂಥ ಲೈಬ್ರರಿಗಳೂ ಬರುತ್ತವೆ, ಸರಿನಾ ಎಂದು ಕೇಳಿತು. ಗುರುತು ಹಾಕಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಬೇಡ ಅನ್ನಿಸಿದರೆ ಅನ್‌ಡೂ ಇದೆ. ಅಪ್ಲೈ ಒತ್ತಿದ ಮೇಲೂ ಏನು ಸೇರುತ್ತದೆ, ಏನು ಹೋಗುತ್ತದೆ ಎಂಬ ಲೆಕ್ಕ ಇನ್ನೊಮ್ಮೆ ಮುಂದಿಡುತ್ತದೆ. ಹಿಂದೆ ಏನೇನು ಮಾಡಿದ್ದೆವು ಅನ್ನುವುದು ಹಿಸ್ಟರಿಯಲ್ಲಿ ಸಿಗುತ್ತದೆ. ನನ್ನ ಪ್ರಕಾರ ಸ್ನೇಹದ ವಿನ್ಯಾಸ ಇದೇ. ಬಳಸುವವರನ್ನು ಹೆದರಿಸುವುದಿಲ್ಲ, ಏನನ್ನೂ ಮುಚ್ಚಿಡುವುದೂ ಇಲ್ಲ.

ಇದು ಎಷ್ಟು ಮುಖ್ಯ ಅನ್ನುವುದು 2021ರಲ್ಲಿ ಎಲ್ಲರಿಗೂ ಕಂಡಿತು. ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಗೇಮ್ ಸ್ಟೋರ್ ಆದ ಸ್ಟೀಮ್ ಹಾಕಲು ಹೋದರು. ಸ್ಟೋರ್ ಆ್ಯಪ್‌ನಲ್ಲಿ ಎರರ್ ಬಂತು, ಟರ್ಮಿನಲ್‌ಗೆ ಹೋದರು. ಅಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್ ಆದ ಆಪ್ಟ್ ಎಚ್ಚರಿಕೆ ಕೊಟ್ಟಿತ್ತು, ಆದರೆ ಉದ್ದನೆಯ ಪಟ್ಟಿಯ ನಡುವೆ. ಕೊನೆಗೆ ಡೆಸ್ಕ್‌ಟಾಪೇ ಅಳಿಸಿಹೋಯಿತು. 2025ರಲ್ಲಿ ಬಂದ ಆಪ್ಟ್ 3.0, ತೆಗೆಯುವುದನ್ನು ಕೆಂಪಿನಲ್ಲಿ, ಸೇರಿಸುವುದನ್ನು ಹಸಿರಿನಲ್ಲಿ ಬೇರೆ ಬೇರೆ ತೋರಿಸುತ್ತದೆ. ಟರ್ಮಿನಲ್ಲೇ ಇಷ್ಟು ಕಾಳಜಿ ತೋರಿಸುವಾಗ ಬಟನ್ ಇರುವ ಆ್ಯಪ್‌ಗಳು ಇನ್ನೂ ಜಾಸ್ತಿ ತೋರಿಸಬೇಕು.

ಸಿನ್ಯಾಪ್ಟಿಕ್‌ನಲ್ಲೂ ಕೊರತೆ ಇದೆ. ತೆರೆಯುವಾಗಲೇ ಪಾಸ್‌ವರ್ಡ್ ಕೇಳುತ್ತದೆ, ಸುಮ್ನೆ ಹುಡುಕಿ ನೋಡಲೂ. ಗ್ನೋಮ್ ಸಾಫ್ಟ್‌ವೇರ್ ಹಾಗಲ್ಲ, ಇನ್‌ಸ್ಟಾಲ್ ಮಾಡುವಾಗಷ್ಟೇ ಕೇಳುತ್ತದೆ. ಮನೆಯವರ ಲ್ಯಾಪ್‌ಟಾಪ್‌ನಲ್ಲಿ ನಾನು ಅದನ್ನೇ ಇಟ್ಟಿದ್ದೇನೆ. ಅದರ ಇನ್‌ಸ್ಟಾಲ್ ಬಟನ್ ಹಿಂದೆ ಏನು ಸೇರುತ್ತದೆ, ಏನು ಹೋಗುತ್ತದೆ ಎಂಬ ಸಿನ್ಯಾಪ್ಟಿಕ್‌ನ ಆ ಪಟ್ಟಿಯೊಂದು ಬಂದರೆ ನನ್ನ ಲ್ಯಾಪ್‌ಟಾಪ್‌ಗೂ ಅದೇ ಸಾಕು.