ರೆನೆಸಾನ್ಸ್ ಜಾತ್ರೆಯ ವಾಸನೆ: ಮನೆಯಲ್ಲಿ ಹೋಲಿಸಿ ನೋಡಿದ ಐದು ಬಗೆ

ಹ್ಯೂಸ್ಟನ್ ನಗರದ ವಾಯವ್ಯಕ್ಕೆ ಸುಮಾರು 50 ಮೈಲಿ ದೂರದಲ್ಲಿರುವ ಟಾಡ್ ಮಿಷನ್ ಎಂಬ ಪುಟ್ಟ ಊರಿನಲ್ಲಿ 1974ರಿಂದ ನಡೆದುಬಂದಿರುವ ಟೆಕ್ಸಸ್ ರೆನೆಸಾನ್ಸ್ ಫೆಸ್ಟಿವಲ್, ಅಂದರೆ ಹದಿನಾರನೆಯ ಶತಮಾನದ ಇಂಗ್ಲೆಂಡನ್ನು ವೇಷ, ಮಳಿಗೆಗಳ ಮೂಲಕ ಮತ್ತೆ ಕಟ್ಟುವ ಜಾತ್ರೆ, ಅಕ್ಟೋಬರಿನಲ್ಲಿ ಆರಂಭವಾಗಿ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯಕ್ಕೆ ಮುಗಿಯುತ್ತದೆ. ಅದರ ಹುಚ್ಚು ಹತ್ತಿಸಿಕೊಂಡವರು ಉಳಿದ ಹತ್ತು ತಿಂಗಳನ್ನು ಹೇಗಾದರೂ ತಳ್ಳಬೇಕು. ಜಾತ್ರೆಯನ್ನು ಮನೆಗೆ ತರುವ ವಾಸನೆ ಯಾವುದೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದನ್ನು ಹೇಳುವುದರಿಂದ, ಹೋದ ಬೇಸಿಗೆಯಲ್ಲಿ ನಾನೇ ಐದನ್ನು ಆರಿಸಿಕೊಂಡು, ದಿನಕ್ಕೆ ಒಂದರಂತೆ, ಬಾಗಿಲು ಮುಚ್ಚಿದ ಒಂದೇ ಕೋಣೆಯಲ್ಲಿ ಪರೀಕ್ಷಿಸಿದೆ. ಮೂಗು ಒಂದು ವಾಸನೆಗೆ ಬಹುಬೇಗ ಒಗ್ಗಿಹೋಗುವ ಕಾರಣ, ಪ್ರತಿಸಲವೂ 15 ನಿಮಿಷ ಹೊರಗಿದ್ದು ಮತ್ತೆ ಒಳಗೆ ಕಾಲಿಟ್ಟೊಡನೆ ಕಣ್ಣ ಮುಂದೆ ಮೊದಲು ಬಂದದ್ದನ್ನು ಮಾತ್ರ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಇಲ್ಲಿನ ಗೆಳೆಯರಲ್ಲಿ ಹೆಚ್ಚಿನವರ ಮತ ನಾಗಚಂಪಾ ಊದಿನಕಡ್ಡಿಗೆ. ಆ ಶತಮಾನವನ್ನು ಆಳಿದ ಟ್ಯೂಡರ್ ದೊರೆಗಳ ಇಂಗ್ಲೆಂಡಿಗೂ ನಮ್ಮ ಊದಿನಕಡ್ಡಿಗೂ ಎಲ್ಲಿಯ ನಂಟು ಎಂದು ಅನ್ನಿಸುವುದು ಸಹಜ. ಆದರೆ ಈ ಜಾತ್ರೆಗಳು ಹುಟ್ಟಿದ್ದು ಟ್ಯೂಡರರ ಕಾಲದಲ್ಲಲ್ಲ. ಫಿಲಿಸ್ ಮತ್ತು ರಾನ್ ಪ್ಯಾಟರ್ಸನ್ ದಂಪತಿ 1963ರಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಕೆಪಿಎಫ್‌ಕೆ ಎಂಬ ಬಾನುಲಿ ಕೇಂದ್ರಕ್ಕೆ ಹಣ ಕೂಡಿಸಲೆಂದು ಏರ್ಪಡಿಸಿದ ಮೇಳದಿಂದ ಇವು ಬೆಳೆದವು. ಆ ದಶಕದ ಹಿಪ್ಪಿಗಳು ಬಂದಾಗ ಅವರೊಡನೆ ಪಚೋಲಿ ಎಣ್ಣೆಯೂ ಊದಿನಕಡ್ಡಿಯೂ ಬಂದವು, ಮತ್ತೆ ಹೋಗಲಿಲ್ಲ. (ಪಚೋಲಿ ನಮಗೇನೂ ಹೊಸದಲ್ಲ, ಮಲ್ಲಿಗೆಯ ಜೊತೆ ಮುಡಿಯುತ್ತಿದ್ದ ಪಚ್ಚೆತೆನೆಯ ಬಳಗದ್ದೇ ಅದು.)

ನಾಗಚಂಪಾದ ಜೀವ ಇರುವುದು ಹಾಲುಮಡ್ಡಿಯಲ್ಲಿ. ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುವ ಮರವೊಂದರ ತೊಗಟೆಯನ್ನು ಗೀರಿದಾಗ ಒಸರುವ ಈ ಅಂಟು, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಹಾಲುಮಡ್ಡಿ ಧಾರಾಳವಾಗಿ ಬಿದ್ದಿರುವ ಕಡ್ಡಿ ಬೆರಳಿಗೆ ತುಸು ಮೆತ್ತಗೆ ತಗಲುತ್ತದೆ, ಒಣಗಿ ಪುಡಿಪುಡಿಯಾಗಿ ಉದುರುವುದಿಲ್ಲ. ಇಂಥದೊಂದು ಕಡ್ಡಿಯನ್ನು ಹಚ್ಚಿಟ್ಟು ನೆರೆಮನೆಯಾಕೆಯನ್ನು ಕರೆದೆ. ಹಲವು ವರ್ಷ ಜಾತ್ರೆಯಲ್ಲಿ ಚರ್ಮದ ಚೀಲಗಳ ಮಳಿಗೆ ಇಟ್ಟಿದ್ದವರು ಅವರು. ಒಳಗೆ ಬಂದವರೇ ಕಣ್ಣು ಮುಚ್ಚಿ, ತಾವು ಈಗ ಕತ್ತಿ ಮಾರುವವನ ಅಂಗಡಿಯ ಪಕ್ಕದ ಓಣಿಯಲ್ಲಿ ನಿಂತಿರುವುದಾಗಿ ಹೇಳಿದರು. ನನ್ನ ಪುಸ್ತಕದಲ್ಲಿ ಆ ಸಂಜೆ ಬರೆದಿರುವುದು: "ಶುಕ್ರವಾರ. ಬಸವನಗುಡಿ. ಅಜ್ಜಿಯ ದೇವರ ಮನೆ. ರಂಗೋಲಿ ಮಣೆ." ಮತ್ತೆ ಎರಡು ಸಲ ಪ್ರಯತ್ನಿಸಿದರೂ ಅಜ್ಜಿ ಅಲ್ಲಿಂದ ಕದಲಲಿಲ್ಲ. ಡಬ್ಬಿಯ ಮೇಲೆಯೇ ಬೆಂಗಳೂರಿನ ವಿಳಾಸವಿರುವಾಗ ಟೆಕ್ಸಸ್ಸಿಗೆ ಕರೆದೊಯ್ಯಲಿಲ್ಲವೆಂದು ಅದನ್ನು ದೂರುವುದೂ ನ್ಯಾಯವಲ್ಲ.

ಜೇನುಮೇಣದ ಬತ್ತಿಯದು ನಿರಪಾಯದ ಆಯ್ಕೆ. ಹದಿನಾರನೆಯ ಶತಮಾನದಲ್ಲಿ ಅದನ್ನು ಉರಿಸುತ್ತಿದ್ದವರು ಇಗರ್ಜಿಗಳು ಮತ್ತು ಸಿರಿವಂತರು, ಬಡವರ ಮನೆಯ ಬೆಳಕು ಪ್ರಾಣಿಗಳ ಕೊಬ್ಬಿನದು. ಆದ್ದರಿಂದ ಇತಿಹಾಸದ ಪರೀಕ್ಷೆಯಲ್ಲಿ ಇದು ಉತ್ತೀರ್ಣವಾಗುತ್ತದೆ. ಹಚ್ಚದೆ ಅಂಗೈಯಲ್ಲಿ ಉಜ್ಜಿದರೆ ಹಳೆಯ ಜೇನಿನ ಕಂಪು ಸೊಗಸಾಗಿಯೇ ಬರುತ್ತದೆಯಾದರೂ, ಕೋಣೆ ತುಂಬುವಷ್ಟು ಕಸುವು ಅದಕ್ಕಿಲ್ಲ. "ಮಧ್ಯಯುಗದ ಕೋಟೆ" ಎಂಬಂಥ ಹೆಸರು ಹೊತ್ತ ಪ್ಯಾರಫಿನ್ ಕ್ಯಾಂಡಲ್ ಒಂದನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಿದೆ. ಅದರಿಂದ ಬಂದದ್ದು ಹೋಟೆಲಿನ ಸ್ನಾನಗೃಹದ ನೆನಪು.

ಲವಂಗ ಚುಚ್ಚಿದ ಕಿತ್ತಳೆ, ಅಂದರೆ ಪೋಮ್ಯಾಂಡರ್, ಕಣ್ಣಿಗೆ ಇವೆಲ್ಲಕ್ಕಿಂತ ಚೆಂದ. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿ, ಜನರ ಗುಂಪಿನ ನಡುವೆ ಹೋಗುವಾಗ ತಿರುಳು ತೆಗೆದ ಕಿತ್ತಳೆಯಲ್ಲಿ ವಿನೆಗರ್ ಹೀರಿದ ಸ್ಪಂಜನ್ನು ತುಂಬಿಸಿಕೊಂಡು ಮೂಗಿಗೆ ಹಿಡಿಯುತ್ತಿದ್ದನೆಂದು ಅವನ ಪರಿಚಾರಕ ಜಾರ್ಜ್ ಕ್ಯಾವೆಂಡಿಶ್ ಬರೆದಿಟ್ಟಿದ್ದಾನೆ. ನಾನು ಬೆರಳ ತುದಿ ನೋಯುವಷ್ಟು ಲವಂಗ ಚುಚ್ಚಿ, ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸಿ, ಒಣಗಲು ತೂಗುಹಾಕಿದೆ. ಹ್ಯೂಸ್ಟನ್ನಿನ ಬೇಸಿಗೆಯ ಸೆಕೆಗೆ ಹನ್ನೊಂದನೆಯ ದಿನ ಬುಡದಲ್ಲಿ ಹಸಿರು ಬೂಷ್ಟು ಹಿಡಿಯಿತು. ಬೂಷ್ಟು ಬರುವ ಮುಂಚೆ ಅದು ನೆನಪಿಸಿದ್ದು ಜಾತ್ರೆಯನ್ನಲ್ಲ, ಹಲ್ಲುನೋವಿಗೆ ಅಮ್ಮ ಹತ್ತಿಯಲ್ಲಿ ಅದ್ದಿ ಇಡುತ್ತಿದ್ದ ಲವಂಗದೆಣ್ಣೆಯನ್ನು.

ಚರ್ಮದ ಸರದಿ ಬಂದಾಗ ಮೊದಲ ಬಾರಿಗೆ ಟಾಡ್ ಮಿಷನ್ ಹತ್ತಿರವಾಯಿತು. ಓಕ್ ಮುಂತಾದ ಮರಗಳ ತೊಗಟೆಯ ಒಗರಿನಲ್ಲಿ ಹದಮಾಡಿದ ಚರ್ಮಕ್ಕೆ ಸಿಹಿ ಬೆರೆತ ಮಣ್ಣಿನ ವಾಸನೆ ಇರುತ್ತದೆ. ಇಂದು ಸಾಮಾನ್ಯವಾಗಿರುವ ಕ್ರೋಮಿಯಂ ಹದದ ಚರ್ಮದಲ್ಲಿ ಅದು ಸಿಗುವುದಿಲ್ಲ. ನೆರೆಯಾಕೆ ಹೊಲಿದುಕೊಟ್ಟ ಸೊಂಟದ ಚೀಲವನ್ನು ಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟು ಒಳಗೆ ತಂದರೆ ಸಾಕು, ಕಮ್ಮಾರನ ಕುಲುಮೆಯ ಎದುರಿನ ಮಳಿಗೆಗಳ ಸಾಲು ಕಾಣುತ್ತದೆ. ಚರ್ಮದ ಹೆಸರಿನ ಸುಗಂಧದ್ರವ್ಯಗಳು ಬೇರೆಯೇ ಜಾತಿ. ಅವುಗಳಲ್ಲಿ ಹಲವಕ್ಕೆ ಬರ್ಚ್ ಮರದ ಟಾರೆಣ್ಣೆಯೇ ಆಧಾರವಾದ್ದರಿಂದ ಚರ್ಮಕ್ಕಿಂತ ಹೊಗೆಯೇ ಮುಂದೆ ನಿಲ್ಲುತ್ತದೆ. ಹೊಗೆಯೇ ಬೇಕಿದ್ದರೆ ಅಷ್ಟು ದುಬಾರಿ ಸೀಸೆ ಏಕೆ ಎಂಬ ಪ್ರಶ್ನೆಯೇ ನನ್ನನ್ನು ಐದನೆಯದಕ್ಕೆ ತಂದು ಮುಟ್ಟಿಸಿತು.

ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ: ಹುಟ್ಟಾ ಸಸ್ಯಾಹಾರಿಯಾದ ನನ್ನನ್ನು ಆ ಜಾತ್ರೆಗೆ ಕರೆದೊಯ್ಯುವುದು ಅಲ್ಲಿ ಸುಟ್ಟು ಮಾರುವ ಟರ್ಕಿ ಕೋಳಿಯ ಕಾಲಿನ ಹೊಗೆ. ಬಾಯಿಗಿಟ್ಟಿಲ್ಲ, ಇಡುವುದೂ ಇಲ್ಲ. ಆದರೆ ಮೊದಲ ವರ್ಷ ಮಳೆ ನಿಂತ ಮೇಲೆ ಪೈನ್ ಮರಗಳ ಕೆಳಗಿನ ಕೆಸರಿನಲ್ಲಿ ಚಪ್ಪಲಿ ಹೂತು ನಿಂತಿದ್ದಾಗ ಮುಖಕ್ಕೆ ಬಡಿದ ಆ ಉಪ್ಪುಪ್ಪಾದ ಕಟ್ಟಿಗೆಯ ಹೊಗೆಗೆ ನನ್ನ ಬದುಕಿನಲ್ಲಿ ಬೇರೆ ಯಾವ ವಿಳಾಸವೂ ಇಲ್ಲ. ಅಜ್ಜಿಯ ಮನೆ, ಅಮ್ಮನ ಒಲೆ, ಯಾವ ಮದುವೆಯ ಮನೆಯೂ ಅದರ ಮೇಲೆ ಹಕ್ಕು ಸಾಧಿಸುವಂತಿಲ್ಲ. ಇದೇ ಲೆಕ್ಕದಲ್ಲಿ, ಜಾತ್ರೆಯಲ್ಲಿ ಘಮಘಮಿಸುವ ದಾಲ್ಚಿನ್ನಿ-ಸಕ್ಕರೆಯ ಪೆಕಾನ್ ಬೀಜಗಳನ್ನು ನಾನು ಸ್ಪರ್ಧೆಗೇ ಸೇರಿಸಲಿಲ್ಲ; ಆ ವಾಸನೆ ಈ ದೇಶದ ಎಷ್ಟೋ ಮಾಲ್‌ಗಳಲ್ಲಿ ಎದುರಾಗುತ್ತದೆ.

ಮಾಂಸವಿಲ್ಲದೆ ಆ ಹೊಗೆಯನ್ನು ಪಡೆಯಲು ಸಿಕ್ಕ ದಾರಿ ಸ್ಪೇನಿನ ಲಾ ವೆರಾ ಪ್ರದೇಶದ ಪ್ಯಾಪ್ರಿಕಾ ಪುಡಿ. ಅಲ್ಲಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕದೆ ಓಕ್ ಕಟ್ಟಿಗೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಬಣ್ಣದಲ್ಲಿ ನಮ್ಮ ಬ್ಯಾಡಗಿಗೆ ಸಮ, ಖಾರ ಇನ್ನೂ ಕಡಿಮೆ. ಟರ್ಕಿ ಕೋಳಿಯೂ ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದ ಯುರೋಪಿಗೆ ದಾಟಿದ್ದು ರೆನೆಸಾನ್ಸ್ ಕಾಲದಲ್ಲೇ ಆದ್ದರಿಂದ, ಇದರ ಹಕ್ಕುಪತ್ರ ಊದಿನಕಡ್ಡಿಗಿಂತ ಗಟ್ಟಿ. ಮೊದಲ ದಿನ ಅಭ್ಯಾಸಬಲದಿಂದ ತುಪ್ಪದಲ್ಲಿ ಹಾಕಿದೆ. ಅದು ನೇರವಾಗಿ ಸಾರಿನ ಒಗ್ಗರಣೆಯಾಗಿಬಿಟ್ಟಿತು. ಮರುದಿನ ವಾಸನೆಯಿಲ್ಲದ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗಾಗಿಸಿ, ಒಲೆ ಆರಿಸಿದ ಮೇಲೆ ಅರ್ಧ ಚಮಚ ಪುಡಿಯನ್ನೂ ಎರಡು ಚಿಟಿಕೆ ಉಪ್ಪನ್ನೂ ಉದುರಿಸಿದೆ. ಉರಿಯ ಮೇಲೆಯೇ ಹಾಕಿದರೆ ಪುಡಿ ಕ್ಷಣದಲ್ಲಿ ಕಪ್ಪಾಗಿ ಕಮಟು ಬರುತ್ತದೆ. ಬಾಣಲೆಯನ್ನು ಕೋಣೆಗೆ ತಂದು, ಬಿಸಿಲು ಕಾಯಿಸಿದ ಚರ್ಮದ ಚೀಲವನ್ನು ಪಕ್ಕದಲ್ಲಿ ಇಟ್ಟು, ಹೊರಗೆ ಹೋಗಿ ಬಂದೆ. ಪುಸ್ತಕದಲ್ಲಿ "ಕೆಸರು, ಎಡಗಾಲಿನ ಚಪ್ಪಲಿ" ಎಂದು ಬರೆದದ್ದು ಆ ಸಂಜೆಯೇ.

ಉಳಿದ ನಾಗಚಂಪಾವನ್ನು ನೆರೆಯಾಕೆಗೆ ಕೊಟ್ಟೆ, ಶುಕ್ರವಾರಕ್ಕೆಂದು ನಾಲ್ಕು ಕಡ್ಡಿ ತೆಗೆದಿಟ್ಟುಕೊಂಡು. ಬದಲಿಗೆ ಅವರು ತಮ್ಮ ಹಿತ್ತಲಿನ ಒಲೆಗೆ ಬಳಸುವ ಹಿಕರಿ ಮರದ ಚಕ್ಕೆಯನ್ನು ಒಂದು ಚೀಲ ಕೊಟ್ಟಿದ್ದಾರೆ. ಅದನ್ನು ಮನೆಯೊಳಗೆ ಉರಿಸುವಂತಿಲ್ಲವಾದ್ದರಿಂದ ಸೆಕೆ ಇಳಿಯಲೆಂದು ಕಾಯುತ್ತಿದ್ದೇನೆ.