ಲೈನ್‌ಮನ್: ಬೆಳೆಸುವುದಾ, ಬೇರೆ ಕಾಲೇಜಿನಿಂದ ತರುವುದಾ?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಅಫೆನ್ಸಿವ್ ಲೈನ್, ಅಂದರೆ ಎದುರಾಳಿಗಳನ್ನು ತಡೆದು ತಮ್ಮ ಆಟಗಾರರಿಗೆ ದಾರಿ ಮಾಡುವ ಐವರ ಸಾಲು, ಕಟ್ಟಲು ಹೊಸಬರನ್ನು ಬೆಳೆಸುವುದಾ, ಬೇರೆ ಕಾಲೇಜಿನಿಂದ ತರುವುದಾ ಅಂತ ಕೇಳಿದ್ದೀರಿ. ಮೊದಲು ಸಮಯ ನೋಡಿ. ಹೈಸ್ಕೂಲಿಂದ ಬಂದ ಹುಡುಗ ಪಳಗಲು ಎರಡು ಮೂರು ವರ್ಷ ಬೇಕು. ಉದಾಹರಣೆಗೆ, ಅಯೋವಾ ತಂಡದಲ್ಲಿ ಟೈಲರ್ ಲಿಂಡರ್‌ಬಾಮ್ ಡಿಫೆನ್ಸ್ ಬಿಟ್ಟು ಸೆಂಟರ್ (ಸಾಲಿನ ನಡುವೆ ನಿಂತು ಚೆಂಡು ಹಿಂದಕ್ಕೆ ಕೊಡುವವ) ಆದರು. 2021ರಲ್ಲಿ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಗೆದ್ದರು. ಬೇರೆ ಕಾಲೇಜಿನಿಂದ ಬರುವ ಟ್ರಾನ್ಸ್‌ಫರ್ ಆಟಗಾರ ಬಂದ ವರ್ಷವೇ ಆಡಬಲ್ಲ. ವರ್ಜೀನಿಯಾದಿಂದ ಮಿಷಿಗನ್‌ಗೆ ಬಂದ ಒಲುಸೆಗುನ್ ಒಲುವಟಿಮಿ 2022ರಲ್ಲಿ ಅದೇ ಟ್ರೋಫಿ ಪಡೆದರು. ಆದರೆ ಅವರ ಅಕ್ಕಪಕ್ಕ ಮಿಷಿಗನ್ ತಂಡದಲ್ಲೇ ಪಳಗಿದವರಿದ್ದರು, ಅದು ಮುಖ್ಯ ಅಲ್ವಾ?

ಹೊಂದಾಣಿಕೆಯೇ ಇಲ್ಲಿ ಎಲ್ಲಕ್ಕಿಂತ ಜಾಸ್ತಿ. ಎದುರಿನವರು ಜಾಗ ಬದಲಿಸಿ ನುಗ್ಗಿದಾಗ ಗಾರ್ಡ್ (ಸೆಂಟರ್ ಪಕ್ಕದವ) ತಾನು ತಡೆಯುತ್ತಿದ್ದ ಎದುರಾಳಿಯನ್ನು ಪಕ್ಕದ ಟ್ಯಾಕಲ್‌ಗೆ (ಸಾಲಿನ ತುದಿಯವನಿಗೆ) ಒಪ್ಪಿಸಬೇಕು. ಅರೆಕ್ಷಣ ತಡವಾದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ.

ಒಂದೇ ಜಾಗ ಖಾಲಿಯಿದ್ದು ಉಳಿದವರು ಗಟ್ಟಿ ಇದ್ದರೆ ಟ್ರಾನ್ಸ್‌ಫರ್ ತನ್ನಿ. ಕೋಚ್‌ಗೆ ಮೂರ್ನಾಲ್ಕು ವರ್ಷ ಸಿಗುವುದು ಖಾತ್ರಿಯಿದ್ದರೆ ಬೆಳೆಸಿ. ಬೆಳೆಸಿದವನೂ ಬಿಟ್ಟು ಹೋಗಬಹುದು, ಹಾಗಾಗಿ ಬೆಂಚ್‌ನಲ್ಲಿ ಇನ್ನೊಬ್ಬ ತಯಾರಿರಲಿ.