ಕರೆಂಟ್ ಮಿಣುಕಿದರೆ ಕಂಪ್ಯೂಟರ್ ರೀಸ್ಟಾರ್ಟ್: ಸ್ಟೆಬಿಲೈಸರ್, ಇನ್ವರ್ಟರ್, ಯುಪಿಎಸ್ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನ ಮಲೆನಾಡು ಕಡೆಯ ಕರೆಂಟಿಗೆ, ಸಾಧಾರಣ ಡೆಸ್ಕ್‌ಟಾಪಿಗೆ, ನನ್ನ ಓಟು ಲೈನ್ ಇಂಟರಾಕ್ಟಿವ್ ಯುಪಿಎಸ್‌ಗೆ, ಅಂದರೆ ಬ್ಯಾಟರಿಯೂ ವೋಲ್ಟೇಜ್ ಸರಿಪಡಿಸುವ ಏರ್ಪಾಡೂ ಒಳಗೇ ಇರುವ ಯುಪಿಎಸ್‌ಗೆ. ಆದರೆ ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ, ದುಡ್ಡು ಬಿಚ್ಚುವ ಮೊದಲು ಅದರ ಒಂದು ಸ್ವಿಚ್ ನೋಡಿ. ಯಾವುದು ಅಂತ ಮುಂದೆ ಹೇಳುತ್ತೇನೆ.

ನಾನು ಆಲ್ದೂರು ಕಡೆಯ ಎಸ್ಟೇಟ್ ಒಂದರಲ್ಲಿ ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಒಂದೇ ಹಳೇ ಡೆಸ್ಕ್‌ಟಾಪಿನಲ್ಲಿ. ಬಟವಾಡೆ ಪಟ್ಟಿ ಅರ್ಧಕ್ಕೆ ಬಂದಿರುತ್ತದೆ, ಪರದೆ ಕಪ್ಪಾಗುತ್ತದೆ, ವಿಂಡೋಸ್ ಮತ್ತೆ ಮೊದಲಿಂದ ಏಳುತ್ತದೆ. ಟ್ಯೂಬ್‌ಲೈಟ್ ಮಾತ್ರ ಒಂದು ಸಲ ಮಿಣುಕಿ, ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ಉರಿಯುತ್ತಿರುತ್ತದೆ.

ಏನಾದರೂ ಕೊಳ್ಳುವ ಮೊದಲು ತಪ್ಪು ಕರೆಂಟಿನದ್ದಾ, ಕಂಪ್ಯೂಟರಿನದ್ದಾ ಅಂತ ಗೊತ್ತಾಗಬೇಕು. ಯಂತ್ರದಲ್ಲಿ ಆದದ್ದನ್ನೆಲ್ಲ ಬರೆದಿಡುವ ವಿಂಡೋಸಿನ ಇವೆಂಟ್ ವ್ಯೂವರ್ ತೆಗೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್‌ನಲ್ಲಿ ಕರ್ನಲ್-ಪವರ್ 41 ಅನ್ನುವ ದಾಖಲೆ ಹುಡುಕಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಅಂತ ಅದರರ್ಥ, ಅಷ್ಟೇ. ಡೀಟೇಲ್ಸ್ ಟ್ಯಾಬಿನಲ್ಲಿ ಬಗ್‌ಚೆಕ್‌ಕೋಡ್ ಸೊನ್ನೆ ಇದ್ದರೆ ಬ್ಲೂ ಸ್ಕ್ರೀನ್ (ವಿಂಡೋಸ್ ತಾನೇ ಕೆಟ್ಟು ನಿಲ್ಲುವುದು) ದಾಖಲಾಗಿಲ್ಲ. ಆಗ ಮೊದಲು ಅನುಮಾನ ಪಡಬೇಕಾದ್ದು ಕರೆಂಟು, ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಒದಗಿಸುವ ಪವರ್ ಸಪ್ಲೈ), ಇಲ್ಲವೇ ಬಿಸಿ. ಬೇರೆ ಅಂಕಿ ಇದ್ದರೆ ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ನನ್ನದರಲ್ಲಿ ಸಾಲಾಗಿ ಸೊನ್ನೆ.

ಅಂಗಡಿಯವರು ಮೊದಲು ಕೈಗಿಡುವುದು ಸ್ಟೆಬಿಲೈಸರ್. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವಾಗ ಸುತ್ತಮುತ್ತ ಮೋಟರುಗಳು ಓಡಿ ವೋಲ್ಟೇಜ್ ಕುಸಿಯುತ್ತದಲ್ಲ, ಆಗ ಇದು ಕೆಲಸ ಮಾಡಿತು. ಆದರೆ ಒಳಗೆ ಬ್ಯಾಟರಿಯೇ ಇಲ್ಲ. ಮಳೆಗಾಲದಲ್ಲಿ ಕೊಂಬೆ ತಂತಿಗೆ ತಾಗಿ ಕರೆಂಟ್ ಕ್ಷಣ ಹೊತ್ತು ಹೋದರೆ ಸ್ಟೆಬಿಲೈಸರ್ ಏನು ಮಾಡುತ್ತದೆ? ಏನೂ ಇಲ್ಲ. ಎಸ್‌ಎಂಪಿಎಸ್ ಲೇಬಲ್ ಮೇಲೆ 100-240 ವೋಲ್ಟ್ ಅಂತ ಇದ್ದರಂತೂ ವೋಲ್ಟೇಜ್ ಕುಸಿತವನ್ನು ಅದೇ ತಡೆದುಕೊಳ್ಳುತ್ತದೆ, ಕಂಪ್ಯೂಟರಿಗೆ ಇದು ಸುಮ್ನೆ ಖರ್ಚು. ಫ್ರಿಜ್ಜಿಗೆ ಇಟ್ಟುಕೊಳ್ಳಿ.

ಇನ್ವರ್ಟರ್ ಕಥೆ ಹೆಚ್ಚು ಸ್ವಾರಸ್ಯದ್ದು. ಸಾಹುಕಾರ್ರ ಮನೆಯ ಇನ್ವರ್ಟರಿನಿಂದ ಆಫೀಸಿಗೆ ಲೈನ್ ಎಳೆದೆವು. ಫ್ಯಾನ್, ಲೈಟ್ ಆರಾಮಾಗಿ ಉಳಿದವು, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್. ಕಾರಣ ಇಷ್ಟೇ. ಮೈನ್ಸ್ ಹೋಗಿ ಬ್ಯಾಟರಿಗೆ ಬದಲಾಗಲು ಇನ್ವರ್ಟರಿಗೆ ಸ್ವಲ್ಪ ಹೊತ್ತು ಬೇಕು. ಸೈಕಲ್ ತುಳಿಯುವುದು ನಿಲ್ಲಿಸಿದರೂ ಸ್ವಲ್ಪ ದೂರ ಹೋಗುವ ಹಾಗೆ, ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಲ್ಲಿ ಒಂದಿಷ್ಟು ಹೊತ್ತು ನಡೆಯುತ್ತದೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ ಮಾರ್ಗಸೂಚಿಯ ಹಳೇ ಆವೃತ್ತಿಗಳು ಕೇಳುತ್ತಿದ್ದದ್ದು ಪೂರ್ತಿ ಲೋಡಿನಲ್ಲಿ ಸುಮಾರು 16-17 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಅಂದರೆ ಅಷ್ಟು ಕೂಡ ಇಲ್ಲ. ಕೆಪಾಸಿಟರ್ ಹಳತಾದಷ್ಟೂ ಈ ಅವಧಿ ಇನ್ನೂ ಕಮ್ಮಿ. ಪಕ್ಕದ ಆಫೀಸಿನ ಹೊಸ ಕಂಪ್ಯೂಟರ್ ತಡೆದುಕೊಂಡದ್ದನ್ನು ನಮ್ಮದು ಯಾಕೆ ತಡೆಯಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಇನ್ನು ಆ ಸ್ವಿಚ್. ಎಷ್ಟೋ ಇನ್ವರ್ಟರುಗಳ ಹಿಂಭಾಗದಲ್ಲಿ ನಾರ್ಮಲ್, ಯುಪಿಎಸ್ ಅಂತ ಎರಡು ಗುರುತು ಇರುತ್ತವೆ. ಅದನ್ನು ಯುಪಿಎಸ್ ಕಡೆ ತಳ್ಳಿದ ಮೇಲೆ ರೀಸ್ಟಾರ್ಟ್ ಬಹುಪಾಲು ನಿಂತಿತು, ಬದಲಾವಣೆ ಅಷ್ಟು ಚುರುಕಾಯಿತು. ಆದರೆ ಈ ಮೋಡಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ಬ್ಯಾಟರಿಗೆ ಹೋಗಿಬಿಡುತ್ತದೆ. ಲೋ ವೋಲ್ಟೇಜ್ ಸಂಜೆಗಳಲ್ಲಿ ಬ್ಯಾಟರಿ ಬೇಗ ಖಾಲಿ. "ರೈಟ್ರೇ, ನಿಮ್ಮ ಕಂಪ್ಯೂಟರ್ ಬಂದ ಮೇಲೆ ನಮ್ಮ ಅಡುಗೆಮನೆ ಕತ್ತಲಲ್ವಾ?" ಅಂತ ಅಮ್ಮಾವ್ರು ಕೇಳಿದರು. ನ್ಯಾಯವೇ. ನಯವಾದ ಅಲೆಯ ಬದಲು ಚೌಕಾಕಾರದ ಕರೆಂಟ್ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ತಿದ್ದುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಕೈಕೊಡಬಹುದು. ಮೈನ್ಸಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಕೊನೆಗೆ 600 ವಿಎ ಯುಪಿಎಸ್. ಈ ಅಳತೆಯವು ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಹೊರುತ್ತವೆ. ಸಿಪಿಯು, ಮಾನಿಟರ್, ಬ್ರಾಡ್‌ಬ್ಯಾಂಡ್ ಮೋಡೆಮ್‌ಗೆ ಧಾರಾಳ. ಲೇಸರ್ ಪ್ರಿಂಟರ್ ಮಾತ್ರ ಬೇಡ, ಅದರ ಹೀಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಕೂಗಿ ಕೈಬಿಡುತ್ತದೆ. ವೋಲ್ಟೇಜ್ ಸರಿಪಡಿಸುವ ಕೆಲಸವೂ ಒಳಗೇ ಇರುವುದರಿಂದ ಸ್ಟೆಬಿಲೈಸರ್ ಬೇಕಿಲ್ಲ. ಟ್ಯೂಬ್‌ಲೈಟ್ ಮಿಣುಕುತ್ತದೆ, ಯುಪಿಎಸ್ ಟಕ್ ಅನ್ನುತ್ತದೆ, ಪಟ್ಟಿ ಹಾಗೇ ಇರುತ್ತದೆ. ನನಗೆ ಬೇಕಿದ್ದದ್ದು ಇಷ್ಟೇ.

ಕೊರತೆ ಇಲ್ಲ ಅಂತಲ್ಲ. ಜುಲೈ ಮಳೆಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಇದು ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಮಾತ್ರ. ಇಡೀ ದಿನ ಕೆಲಸ ನಡೆಯಬೇಕೆಂದರೆ ಇನ್ವರ್ಟರೇ ಗತಿ. ಸ್ಕ್ವೇರ್ ವೇವ್ ಇನ್ವರ್ಟರಿನ ಹಿಂದೆ ಯುಪಿಎಸ್ ಸೇರಿಸಿದರೆ ಕೆಲವು ಯುಪಿಎಸ್‌ಗಳು ಆ ಕರೆಂಟನ್ನು ಒಪ್ಪದೆ ತಮ್ಮ ಬ್ಯಾಟರಿಯನ್ನೇ ತಿನ್ನುತ್ತವೆ. ಆ ಬ್ಯಾಟರಿಗೂ ಎರಡು ಮೂರು ವರ್ಷದ ಆಯಸ್ಸು. ಸತ್ತ ಬ್ಯಾಟರಿಯ ಯುಪಿಎಸ್ ಇಟ್ಟುಕೊಂಡು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವವರನ್ನು ನೋಡಿದ್ದೇನೆ. ಫೈಲೆಲ್ಲ ಸೇವ್ ಮಾಡಿ, ಯುಪಿಎಸ್‌ಗೆ ಬರುವ ಗೋಡೆ ಸ್ವಿಚ್ ಆರಿಸಿ ನೋಡಿ. ಕಂಪ್ಯೂಟರ್ ಆಗಲೇ ಸತ್ತರೆ ಬದಲಾಯಿಸಬೇಕಾದ್ದು ಬ್ಯಾಟರಿ.

ಯುಪಿಎಸ್ ಚೆನ್ನಾಗಿದ್ದೂ, ಲೈಟ್ ಮಿಣುಕದೆಯೂ ರೀಸ್ಟಾರ್ಟ್ ಆದರೆ ಡಬ್ಬ ಬಿಚ್ಚಿ. ಕೊಯ್ಲಿನ ಕಾಲದಲ್ಲಿ ಕಣದ ಧೂಳು ಸಿಪಿಯು ಫ್ಯಾನಿಗೆ ಮೆತ್ತಿಕೊಂಡಿರುತ್ತದೆ, ಬ್ರಷ್ ಹಿಡಿದು ತೆಗೆಯಿರಿ. ಆಮೇಲೆ ಮೆಮ್‌ಟೆಸ್ಟ್86 ಅನ್ನುವ ಪ್ರೋಗ್ರಾಂ ಹಾಕಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಮಾಡಿ. ಅದರಲ್ಲೂ ಏನೂ ಸಿಗದಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಈ ಮೂರನ್ನೂ ನಂಬಬೇಡಿ. ಮೋಡ ಕಟ್ಟಿದ ತಕ್ಷಣ ಪ್ಲಗ್ ಕಿತ್ತಿಡಿ, ಜೊತೆಗೆ ಬ್ರಾಡ್‌ಬ್ಯಾಂಡ್ ಕೇಬಲ್ಲನ್ನೂ.